ಅಡಿಕೆ ಕೊಡುವುದೋ, ಇಡುವುದೋ: ತೀರ್ಮಾನವನ್ನು ಹಾಳೆಯ ಮೇಲೆ ತರುವ ಬಗೆ

ಮರದಿಂದ ಕೊನೆ (ಅಡಿಕೆ ಗೊಂಚಲು) ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಅಡಿಕೆ ಚೀಲ ಸೇರಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಮನೆಗಳಲ್ಲಿ ಒಂದೇ ಮಾತು: ಈಗಲೇ ಕೊಡುವುದೋ, ಇನ್ನಷ್ಟು ದಿನ ಇಡುವುದೋ? ಇಡೀ ವರ್ಷದ ದುಡಿಮೆ ಈ ಒಂದು ತೀರ್ಮಾನದ ಮೇಲೆ ನಿಂತಿರುತ್ತದೆ. ಆದರೂ ಅದು ಆಗುವುದು ಹೆಚ್ಚಾಗಿ ಊಟದ ಹೊತ್ತಿಗೆ, ಯಾರೋ ಪೇಟೆಯಿಂದ ತಂದ ಸುದ್ದಿಯ ಬಿಸಿಯಲ್ಲಿ. ಕೂಲಿ, ಗೊಬ್ಬರ, ಮೈಲುತುತ್ತದ ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುವ ಮನೆಗಳಲ್ಲೂ ಯಾಕೆ ಕೊಟ್ಟೆವು, ಯಾಕೆ ಇಟ್ಟೆವು ಎಂಬುದಕ್ಕೆ ಒಂದು ಸಾಲಿನ ದಾಖಲೆ ಇರುವುದಿಲ್ಲ. ಅದನ್ನು ಬರೆಯಲೇಬೇಕು, ತೀರ್ಮಾನಕ್ಕೆ ಮೊದಲೇ ಬರೆಯಬೇಕು ಎನ್ನುವುದು ಈ ಲೇಖನದ ಒತ್ತಾಯ.

ದರ ಏರುತ್ತದೆಯೋ ಇಳಿಯುತ್ತದೆಯೋ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಮುಂದೇನು ಎಂದು ಗೊತ್ತಿಲ್ಲದಾಗ ನಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಐವತ್ತು ವರ್ಷಕ್ಕೂ ಮಿಕ್ಕಿ ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡದ್ದರಲ್ಲಿ ಬಹಳಷ್ಟು ನಮ್ಮ ಅಡಿಕೆ ಕೋಣೆಗೂ ಸಲ್ಲುತ್ತದೆ. ಬೇಕಾದದ್ದು ಒಂದು ಹಾಳೆ, ಒಂದು ಸಂಜೆ, ಮನೆಯ ಖರ್ಚು ಗೊತ್ತಿರುವ ಎಲ್ಲರೂ. ಹೆಂಗಸರನ್ನು ಬಿಟ್ಟು ಈ ಮಾತಿಗೆ ಕೂರಬೇಡಿ. ಜೂನ್ ತಿಂಗಳಿಗೆ ಎಷ್ಟು ಹಣ ಬೇಕು ಎಂಬುದು ಅವರಿಗೆ ಗೊತ್ತಿರುವಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಿರುವುದಿಲ್ಲ.

ಯಾವ ಅಂದಾಜನ್ನು ನಂಬಬಹುದು?

ಹಾಳೆ ತೆಗೆಯುವ ಮುನ್ನ ಒಂದು ವ್ಯತ್ಯಾಸ ತಿಳಿದಿರಬೇಕು. ಅನುಭವಿ ಕೊನೆಗಾರ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, ‘ಇದು ಇನ್ನೂ ಹದಿನೈದು ದಿನ ಹೋಗಲಿ’ ಎನ್ನುತ್ತಾನೆ. ಬೇಯಿಸುವ ಹಂಡೆಯ ಮುಂದೆ ನಿಂತ ಅಮ್ಮ ಬಣ್ಣ ನೋಡಿಯೇ ಹದ ಹೇಳುತ್ತಾರೆ. ಇಬ್ಬರ ಮಾತೂ ಸಾಮಾನ್ಯವಾಗಿ ಸರಿಯಿರುತ್ತದೆ. ಆದರೆ ಅದೇ ಅನುಭವಸ್ಥರು ‘ಈ ಸಲ ರಾಶಿ ಅಡಿಕೆಯ ದರ ಏರಿಯೇ ಏರುತ್ತದೆ’ ಎಂದರೆ ಅದನ್ನೂ ಅಷ್ಟೇ ನಂಬಬಹುದೇ?

ನಂಬುವ ಹಾಗಿಲ್ಲ. ಅದಕ್ಕೆ ಕಾರಣವೂ ಇದೆ. ಅಂದಾಜಿನಲ್ಲಿ ಮನುಷ್ಯ ಎಲ್ಲೆಲ್ಲಿ ಎಡವುತ್ತಾನೆ ಎಂದು ಜೀವನವಿಡೀ ಹುಡುಕಿದವರು ಡೇನಿಯಲ್ ಕಾನೆಮನ್. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ. ಅಗ್ನಿಶಾಮಕ ದಳದ ನಾಯಕರು ಕ್ಷಣದಲ್ಲಿ ಸರಿಯಾದ ತೀರ್ಮಾನ ಮಾಡುವುದನ್ನು ಕಂಡು ಅನುಭವದ ಪರ ನಿಂತವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್. ಎದುರು ಬದುರು ನಿಂತಿದ್ದ ಈ ಇಬ್ಬರು 2009ರಲ್ಲಿ ಸೇರಿ ಒಂದು ಪ್ರಬಂಧ ಬರೆದರು. ಒಳಮನಸ್ಸಿನ ಅಂದಾಜನ್ನು ನಂಬಬೇಕಾದರೆ ಎರಡು ಸಂಗತಿ ಇರಬೇಕು ಎಂದು ಇಬ್ಬರೂ ಒಪ್ಪಿದರು: ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಮಾಡಿದ ಅಂದಾಜು ಸರಿಯೋ ತಪ್ಪೋ ಎಂದು ಕಂಡು ಕಲಿಯಲು ಸಾಕಷ್ಟು ಅವಕಾಶ ಸಿಕ್ಕಿರಬೇಕು. ಅಡಿಕೆಯ ಹದಕ್ಕೆ ಎರಡೂ ಇವೆ. ಒಂದೇ ಕೊಯ್ಲಿನಲ್ಲಿ ನೂರಾರು ಕೊನೆ ಕಣ್ಣ ಮುಂದೆ ಹೋಗುತ್ತವೆ, ತಪ್ಪಿದ್ದು ಒಣಗುವ ಹೊತ್ತಿಗೆ ಗೊತ್ತಾಗುತ್ತದೆ.

ದರಕ್ಕೆ ಎರಡೂ ಇಲ್ಲ. ನಲವತ್ತು ವರ್ಷ ತೋಟ ಮಾಡಿದವರೂ ವರ್ಷದ ಫಸಲು ಮಾರುವ ತೀರ್ಮಾನ ಮಾಡಿದ್ದು ಸುಮಾರು ನಲವತ್ತು ಸಲ. ಪ್ರತಿ ಸಲವೂ ಕಾರಣ ಬೇರೆ: ಒಮ್ಮೆ ಕೊಳೆ ರೋಗ, ಒಮ್ಮೆ ಎಲೆಚುಕ್ಕಿ ರೋಗ, ಒಮ್ಮೆ ಗುಟ್ಕಾ ಮೇಲಿನ ನಿರ್ಬಂಧದ ಸುದ್ದಿ, ಒಮ್ಮೆ ಹೊರದೇಶದ ಮಾಲು. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ದರವನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇಂಥ ಆದೇಶ ಯಾವ ದಿನ ಬರುತ್ತದೆಂದು ತೋಟದ ಅನುಭವ ಹೇಳಿಕೊಡುವುದಿಲ್ಲ. ಹಾಗಾಗಿ ಹಿರಿಯರ ಹದದ ಮಾತಿಗೆ ಎದುರಾಡಬೇಡಿ, ದರದ ಮಾತನ್ನು ಹಾಳೆಗೆ ತನ್ನಿ.

ಹೆಜ್ಜೆ 1: ಪ್ರಶ್ನೆಯನ್ನು ಬದಲಿಸಿ

‘ದರ ಏರುತ್ತದಾ?’ ಎಂದು ಬರೆಯಬೇಡಿ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿಲ್ಲ. ‘ಈ ಮನೆಗೆ ಯಾವ ತಿಂಗಳು ಎಷ್ಟು ಹಣ ಬೇಕು?’ ಎಂದು ಬರೆಯಿರಿ. ಸೊಸೈಟಿ ಸಾಲದ ಕಂತು, ಮಕ್ಕಳ ಫೀಸು, ಮಳೆಗಾಲಕ್ಕೆ ಮೊದಲಿನ ಔಷಧಿ ಹೊಡೆಸುವ ಖರ್ಚು, ಮದುವೆಯಿದ್ದರೆ ಅದು. ಒಟ್ಟು ಮೊತ್ತಕ್ಕೆ ಎಷ್ಟು ಕ್ವಿಂಟಲ್ ಬೇಕೋ ಅಷ್ಟನ್ನು ಚರ್ಚೆಯಿಂದ ಹೊರಗಿಡಿ. ಅದು ಆಯಾ ಹೊತ್ತಿಗೆ ಮಾರಲೇಬೇಕಾದ ಮಾಲು. ಕೊಡುವುದೋ ಇಡುವುದೋ ಎಂಬ ಪ್ರಶ್ನೆ ಉಳಿದದ್ದಕ್ಕೆ ಮಾತ್ರ. ಎಷ್ಟೋ ಮನೆಗಳ ಜಗಳ ಇಲ್ಲಿಗೇ ಅರ್ಧ ಮುಗಿಯುತ್ತದೆ.

ಹೆಜ್ಜೆ 2: ತಲೆಯಲ್ಲಿ ಕೂತ ದರವನ್ನು ಇಳಿಸಿ

1974ರಲ್ಲಿ ಕಾನೆಮನ್ ಮತ್ತು ಅವರ ಜೊತೆಗಾರ ಅಮೋಸ್ ಟ್ವರ್ಸ್ಕಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಅಂಕಿಗಳಿದ್ದ ಚಕ್ರವೊಂದನ್ನು ಜನರ ಮುಂದೆ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಆಫ್ರಿಕಾದವು ಶೇಕಡ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರ ಮಧ್ಯದ ಅಂದಾಜು 25. 65ಕ್ಕೆ ನಿಂತದ್ದನ್ನು ಕಂಡವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಮೊದಲು ಕಂಡ ಅಂಕಿ ಅಂದಾಜನ್ನು ತನ್ನತ್ತ ಎಳೆಯಿತು.

ನಮ್ಮ ತಲೆಯಲ್ಲಿ ಕೂರುವ ಅಂಕಿ ಎರಡು. ಒಂದು, ದರಪಟ್ಟಿಯ ಗರಿಷ್ಠ ದರ. ಅದು ಆ ದಿನ ಬಂದ ಅತ್ಯುತ್ತಮ ಮಾಲಿಗೆ, ಕೆಲವೊಮ್ಮೆ ಕೆಲವೇ ಚೀಲಕ್ಕೆ ಸಿಕ್ಕ ದರ. ನಿಮ್ಮ ಮಾಲಿಗೆ ಹತ್ತಿರವಾದದ್ದು ಪಟ್ಟಿಯಲ್ಲಿ ‘ಮಾದರಿ’ ಎಂದು ಕಾಣುವ ದರ, ಅಂದರೆ ಹೆಚ್ಚಿನ ಮಾಲು ಹೋದ ದರ. ಅದನ್ನೇ ಬರೆಯಿರಿ. ಅಡಿಕೆಯ ಬಗೆಗಳನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆಯಾಗಿಯೇ ಬರೆಯಿರಿ. ಸರಕಿನ ದರ ಕೇಳಿ ರಾಶಿಯ ಬಗ್ಗೆ ಆಸೆ ಕಟ್ಟಬಾರದು. ಹಿಂದಿನ ವರ್ಷಗಳ ದರ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನಾಂಕದ ಪ್ರಕಾರ ಸಿಗುತ್ತದೆ. ಐದು ವರ್ಷದ ಇದೇ ತಿಂಗಳ ದರ, ಅದಾಗಿ ಆರು ತಿಂಗಳ ನಂತರದ ದರ, ಎರಡನ್ನೂ ಅಕ್ಕಪಕ್ಕ ಇಡಿ.

ಎರಡನೆಯದು ಹೆಚ್ಚು ಕಾಡುವಂಥದ್ದು: ಒಮ್ಮೆ ಕಂಡ ಎತ್ತರದ ದರ. 2014ರಲ್ಲಿ ಕೆಂಪಡಿಕೆ ದರ ಏರಿದ್ದನ್ನೂ ಆಮೇಲೆ ಕುಸಿದದ್ದನ್ನೂ ಕಂಡವರು ಆ ಎತ್ತರವನ್ನು ಇಂದಿಗೂ ಮರೆತಿಲ್ಲ. ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ನಾವು ಹಣವನ್ನು ಇದ್ದಷ್ಟೇ ಆಗಿ ನೋಡುವುದಿಲ್ಲ. ಮನಸ್ಸಿನಲ್ಲಿರುವ ಒಂದು ಗೆರೆಗಿಂತ ಮೇಲೋ ಕೆಳಗೋ ಎಂದು ನೋಡುತ್ತೇವೆ. ಗೆರೆಯ ಕೆಳಗಿನ ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಸುಮಾರು ಎರಡು ಪಟ್ಟು. ನಷ್ಟದಲ್ಲಿದ್ದೇನೆ ಅನ್ನಿಸಿದವನು ಅದನ್ನು ತುಂಬಿಕೊಳ್ಳಲು ದೊಡ್ಡ ಅಪಾಯಕ್ಕೂ ಸಿದ್ಧನಾಗುತ್ತಾನೆ. ಕಳೆದ ತಿಂಗಳು ಕ್ವಿಂಟಲ್‌ಗೆ 52,000 ರೂಪಾಯಿ ಕಂಡವನಿಗೆ ಇವತ್ತಿನ 48,000 ಆದಾಯವಾಗಿ ಕಾಣದೆ 4,000 ಕಳೆದುಕೊಂಡಂತೆ ಕಾಣುವುದು ಇದಕ್ಕೇ. ‘ಆ ದರ ಬರುವವರೆಗೂ ಕೊಡುವುದಿಲ್ಲ’ ಎಂಬ ಹಟ ಅಲ್ಲಿಂದ ಹುಟ್ಟುತ್ತದೆ. ಷೇರುಪೇಟೆಯಲ್ಲೂ ಹೀಗೆಯೇ: ಅಮೆರಿಕದ ಬ್ರೋಕರ್ ಸಂಸ್ಥೆಯೊಂದರ 10,000 ಗ್ರಾಹಕ ಖಾತೆಗಳನ್ನು ಪರಿಶೀಲಿಸಿ ಟೆರೆನ್ಸ್ ಓಡಿಯನ್ 1998ರಲ್ಲಿ ತೋರಿಸಿದಂತೆ, ಜನ ಏರಿದ ಷೇರನ್ನು ಬೇಗ ಮಾರಿ ಇಳಿದದ್ದನ್ನು ಅಪ್ಪಿ ಹಿಡಿಯುತ್ತಾರೆ.

ಈ ಗೆರೆಯನ್ನು ಅಳಿಸಲು ಒಂದು ಪ್ರಶ್ನೆ ಸಾಕು. ಹಾಳೆಯಲ್ಲಿ ಹೀಗೆ ಬರೆಯಿರಿ: ‘ಈ ಅಡಿಕೆ ನನ್ನಲ್ಲಿ ಇಲ್ಲ, ಅದರ ಬದಲು ಅಷ್ಟೇ ಹಣ ಇದೆ ಎಂದಿಟ್ಟುಕೊಂಡರೆ, ಇವತ್ತಿನ ದರಕ್ಕೆ ಅಡಿಕೆ ಕೊಂಡು ಕೋಣೆಯಲ್ಲಿ ಇಡುತ್ತಿದ್ದೆನೇ?’ ಖಂಡಿತ ಇಲ್ಲ ಎಂದು ಬಂದರೆ, ಇಡುವುದಕ್ಕೆ ನಿಮ್ಮಲ್ಲಿರುವ ಕಾರಣ ಹಳೆಯ ದರದ ನೆನಪು ಮಾತ್ರ.

ಹೆಜ್ಜೆ 3: ಕಾಯುವುದಕ್ಕೂ ಖರ್ಚಿದೆ, ಅದನ್ನು ಬರೆಯಿರಿ

ಇದು ಶುದ್ಧ ಲೆಕ್ಕ, ಬಿಡಬೇಡಿ. ಉದಾಹರಣೆಗೆ 10 ಕ್ವಿಂಟಲ್ ರಾಶಿ, ಇವತ್ತಿನ ದರ 48,000 ಎಂದಿಟ್ಟುಕೊಳ್ಳಿ. ಮೊತ್ತ 4,80,000. ಅದರಿಂದ ತೀರಿಸಬಹುದಾಗಿದ್ದ ಸಾಲಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಇದ್ದರೆ ಆರು ತಿಂಗಳಿಗೆ 28,800. ಇಟ್ಟ ಅಡಿಕೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಶೇ 2 ಎಂದರೆ 20 ಕೆಜಿ ಹೋಯಿತು, ಉಳಿದದ್ದು 9.8 ಕ್ವಿಂಟಲ್. ಈಗ ಮೊತ್ತಕ್ಕೆ ಬಡ್ಡಿ ಸೇರಿಸಿ ಬಂದ 5,08,800ನ್ನು 9.8ರಿಂದ ಭಾಗಿಸಿ: ಸುಮಾರು 51,900. ಆರು ತಿಂಗಳ ನಂತರ ದರ ಅಷ್ಟಾದರೆ ನೀವು ನಿಂತಲ್ಲೇ ನಿಂತಿದ್ದೀರಿ. ಲಾಭ ಶುರುವಾಗುವುದು ಅದರ ಮೇಲೆ. ‘ಎರಡು ಸಾವಿರ ಏರಿತು, ಕಾದದ್ದು ಒಳ್ಳೆಯದಾಯಿತು’ ಎಂಬ ಮಾತನ್ನು ಪ್ರತಿ ವರ್ಷ ಕೇಳುತ್ತೇವೆ. ಈ ಲೆಕ್ಕದ ಪ್ರಕಾರ ಅದು ನಷ್ಟ.

ಬಡ್ಡಿ, ತೂಕದ ಅಂಕಿ ನಿಮ್ಮ ಮನೆಯದೇ ಆಗಲಿ. ಒಂದು ಚೀಲಕ್ಕೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿದರೆ ನಿಮ್ಮ ಅಡಿಕೆಯ ತೂಕ ಎಷ್ಟು ಇಳಿಯುತ್ತದೆಂದು ಗೊತ್ತಾಗುತ್ತದೆ. ಸಾಲವಿಲ್ಲದವರು ಬ್ಯಾಂಕಿನ ಠೇವಣಿ ಬಡ್ಡಿ ಹಿಡಿಯಬಹುದು. ಮಳೆಗಾಲದಲ್ಲಿ ಬೂಷ್ಟು, ಹುಳದ ಅಪಾಯ ಬೇರೆ ಇದೆ. ಅದಕ್ಕೂ ಒಂದು ಸಾಲು ಬಿಡಿ.

ಹೆಜ್ಜೆ 4: ಎದುರು ಮಾತು ಹೇಳುವವರನ್ನು ಹುಡುಕಿ

ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಒಂದು ಒಗಟಿದೆ, ಮನೆಯಲ್ಲೇ ಆಡಿ ನೋಡಬಹುದು. 2, 4, 6 ಎಂಬ ಮೂರು ಅಂಕಿಗಳು ಒಂದು ನಿಯಮಕ್ಕೆ ಸರಿಹೊಂದುತ್ತವೆ. ಬೇರೆ ಮೂರು ಅಂಕಿ ಹೇಳಿ ಕೇಳುತ್ತಾ ನಿಯಮ ಕಂಡುಹಿಡಿಯಬೇಕು. ಬಹಳ ಜನ 8, 10, 12 ಎನ್ನುತ್ತಾರೆ. ಹೌದು ಎಂಬ ಉತ್ತರ. 20, 22, 24, ಅದಕ್ಕೂ ಹೌದು. ‘ಎರಡೆರಡು ಕೂಡುತ್ತಾ ಹೋಗುವುದು’ ಎಂದು ಖಚಿತವಾಗಿ ಹೇಳಿ ಸೋಲುತ್ತಾರೆ. ನಿಯಮ ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 7, 50 ಎಂದು ಒಮ್ಮೆ ಕೇಳಿದ್ದರೆ ತಿಳಿಯುತ್ತಿತ್ತು. ತಮ್ಮ ಊಹೆ ಸುಳ್ಳಾಗಬಹುದಾದ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

ಅಡಿಕೆ ಇಟ್ಟುಕೊಂಡವರು ಯಾರನ್ನು ಕೇಳುತ್ತಾರೆ? ಅಡಿಕೆ ಇಟ್ಟುಕೊಂಡ ಇನ್ನೊಬ್ಬರನ್ನು. ವಾಟ್ಸ್‌ಆ್ಯಪ್ ಗುಂಪಿನಲ್ಲೂ ಏರುತ್ತದೆ ಎಂಬ ಸುದ್ದಿಯೇ ಹೆಚ್ಚು ಓಡುತ್ತದೆ, ಏಕೆಂದರೆ ಓದುವವರೆಲ್ಲ ಬಯಸುವುದು ಅದನ್ನೇ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಿ. ಕಳೆದ ವಾರ ಮಾರಿದ ಒಬ್ಬರನ್ನು ಹುಡುಕಿ ‘ನೀವು ಯಾಕೆ ಕೊಟ್ಟಿರಿ?’ ಎಂದು ಕೇಳಿ, ಅವರ ಕಾರಣವನ್ನು ವಾದ ಮಾಡದೆ ಬರೆದುಕೊಳ್ಳಿ. ನೀವು ಮಾರಲು ಹೊರಟಿದ್ದರೆ ಇಟ್ಟವರನ್ನು ಕೇಳಿ.

ಹೆಜ್ಜೆ 5: ಕೆಟ್ಟಿತು ಎಂದೇ ಇಟ್ಟುಕೊಳ್ಳಿ

ಗ್ಯಾರಿ ಕ್ಲೈನ್ ಸೂಚಿಸಿದ ಈ ಉಪಾಯಕ್ಕೆ ಹತ್ತು ನಿಮಿಷ ಸಾಕು. ತೀರ್ಮಾನ ಹೆಚ್ಚುಕಡಿಮೆ ಆದ ಮೇಲೆ ಎಲ್ಲರೂ ಹೀಗೆ ಊಹಿಸಿಕೊಳ್ಳಬೇಕು: ‘ಆರು ತಿಂಗಳಾಯಿತು, ನಮ್ಮ ತೀರ್ಮಾನ ಪೂರ್ತಿ ಕೆಟ್ಟಿತು. ಯಾಕೆ ಕೆಟ್ಟಿತು?’ ಪ್ರತಿಯೊಬ್ಬರೂ ಮಾತಾಡದೆ ತಮ್ಮ ತಮ್ಮ ಕಾರಣ ಬರೆದು ಆಮೇಲೆ ಓದಬೇಕು. ‘ಕೆಡಬಹುದಾ?’ ಎಂದು ಕೇಳಿದರೆ ಹಿರಿಯರ ಎದುರು ಸೊಸೆಯೋ ಕಿರಿಯ ಮಗನೋ ಬಾಯಿ ಬಿಡುವುದು ಕಷ್ಟ. ಕೆಟ್ಟಾಗಿದೆ ಎಂದೇ ಶುರು ಮಾಡಿದರೆ ಕಾರಣ ಹೇಳುವುದು ಎದುರು ಮಾತಾಗುವುದಿಲ್ಲ.

ಹೆಜ್ಜೆ 6: ಹಾಳೆಗೆ ಸಹಿ ಹಾಕಿ, ಜೋಪಾನ ಮಾಡಿ

ಈಗ ಬರೆಯಬೇಕಾದದ್ದು: ಇವತ್ತಿನ ದಿನಾಂಕ, ದರ, ಎಷ್ಟು ಕೊಡುತ್ತೇವೆ, ಎಷ್ಟು ಇಡುತ್ತೇವೆ, ಅದಕ್ಕೆ ಮೂರು ಕಾರಣ. ಇಟ್ಟದ್ದನ್ನು ಯಾವ ದರ ಬಂದರೆ ಕೊಡುತ್ತೇವೆ, ಎಷ್ಟಕ್ಕೆ ಇಳಿದರೆ ಇನ್ನು ಕಾಯದೆ ಕೊಡುತ್ತೇವೆ, ಎರಡೂ ಬರದಿದ್ದರೆ ಯಾವ ತಾರೀಕಿಗೆ ಕೊಡುತ್ತೇವೆ. ಜೊತೆಗೆ, ಆರು ತಿಂಗಳ ನಂತರ ದರ ಎಷ್ಟರಿಂದ ಎಷ್ಟರೊಳಗೆ ಇರಬಹುದು ಎಂಬ ನಿಮ್ಮ ಅಂದಾಜು. ಉಳಿದ ಮಾಲನ್ನು ಎರಡು ಮೂರು ಕಂತಿನಲ್ಲಿ ಕೊಡುವುದೂ ಒಳ್ಳೆಯ ದಾರಿ. ಅದರಿಂದ ಹೆಚ್ಚು ಹಣ ಬರುತ್ತದೆ ಎಂದಲ್ಲ. ಇಡೀ ಫಸಲು ಒಂದೇ ಕೆಟ್ಟ ದಿನಕ್ಕೆ ಸಿಕ್ಕಿಬೀಳುವುದು ತಪ್ಪುತ್ತದೆ.

ಈ ಹಾಳೆ ನಿಜವಾಗಿ ಕೆಲಸಕ್ಕೆ ಬರುವುದು ದರ ಇಳಿದ ಮೇಲೆ. ‘ಆಗಲೇ ಕೊಡಿ ಅಂದಿದ್ನಲ್ಲ ಅಪ್ಪಯ್ಯ’ ಎಂದು ಮಗ, ‘ನೀನು ಯಾವಾಗ ಅಂದಿದ್ದೆ?’ ಎಂದು ಅಪ್ಪ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 19ನೇ ಶತಮಾನದ ಬ್ರಿಟಿಷ್–ಗೂರ್ಖಾ ಸಂಘರ್ಷದ ವಿವರವನ್ನು ಓದಲು ಕೊಟ್ಟಿದ್ದರು. ಕೆಲವರಿಗೆ ಬ್ರಿಟಿಷರು ಗೆದ್ದರು ಎಂದು, ಕೆಲವರಿಗೆ ಗೂರ್ಖಾಗಳು ಗೆದ್ದರು ಎಂದು, ಇನ್ನು ಕೆಲವರಿಗೆ ಯಾರೂ ಗೆಲ್ಲಲಿಲ್ಲ ಎಂದು ಹೇಳಲಾಗಿತ್ತು. ಯಾವ ಫಲಿತಾಂಶ ಕೇಳಿದ್ದರೋ ಅದೇ ಆಗುವ ಸಾಧ್ಯತೆ ಮೊದಲಿನಿಂದಲೂ ಹೆಚ್ಚಿತ್ತು ಎಂದು ಅವರಿಗೆ ಕಂಡಿತು. ಏನಾಯಿತು ಎಂದು ತಿಳಿದ ಮನಸ್ಸು, ಅದು ತಿಳಿಯದಿದ್ದಾಗ ಹೇಗೆ ಯೋಚಿಸಿತ್ತು ಎಂಬುದನ್ನು ಮತ್ತೆ ಹಿಡಿಯಲಾರದು.

ನಮ್ಮ ಕಡೆ ಅಣ್ಣ ತಮ್ಮಂದಿರು ಪಾಲಾಗುವ ಹೊತ್ತಿಗೂ ಎಂದೋ ಮಾರದೆ ಉಳಿಸಿದ ಅಡಿಕೆಯ ಮಾತು ಎದ್ದು ಬರುವುದುಂಟು. ಇದು ನನಗೆ ನೋವಿನ ಸಂಗತಿ. ಅಂದು ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ಯೋಚಿಸಿದವನನ್ನು ಇಂದಿನ ದರ ಹಿಡಿದು ತಪ್ಪಿತಸ್ಥನನ್ನಾಗಿ ಮಾಡುವುದು ಅನ್ಯಾಯ. ಕಣ್ಣು ಮುಚ್ಚಿ ಇಟ್ಟು ಅದೃಷ್ಟದಿಂದ ಲಾಭ ಪಡೆದವನನ್ನು ಜಾಣ ಎನ್ನುವುದೂ ಅಷ್ಟೇ ತಪ್ಪು. ಮುಂದಿನ ವರ್ಷ ಅವನನ್ನು ನೋಡಿ ಇನ್ನೂ ನಾಲ್ವರು ಹಾಗೇ ಮಾಡುತ್ತಾರೆ.

ಮಾಲು ಪೂರ್ತಿ ಹೋದ ಮೇಲೆ ಹಾಳೆ ತೆಗೆದು ಮೂರು ಪ್ರಶ್ನೆ ಕೇಳಿಕೊಳ್ಳಿ. ಬರೆದ ಕಾರಣಗಳಲ್ಲಿ ಯಾವುದು ನಿಜವಾಯಿತು? ಅಂದೇ ತಿಳಿಯಬಹುದಾಗಿದ್ದ ಯಾವ ಸಂಗತಿ ಬಿಟ್ಟುಹೋಯಿತು? ದರ ನಾವು ಹಾಕಿದ ಅಂದಾಜಿನ ಒಳಗೆ ಬಿತ್ತೇ, ಹೊರಗೆ ಹೋಯಿತೇ? ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ಪಾಸ್‌ಬುಕ್ಕಿನ ಜೊತೆ ಇಡಿ. ನಾಲ್ಕೈದು ವರ್ಷದ ಹಾಳೆ ಸೇರಿದಾಗ ದರ ಹೆಚ್ಚಿನ ಸಲ ಹೊರಗೇ ಹೋಗಿದ್ದರೆ, ಮುಂದಿನ ಕೊಯ್ಲಿಗೆ ಕೆಳಗಿನ ದರವನ್ನು ಇನ್ನಷ್ಟು ಕೆಳಗೆ, ಮೇಲಿನದನ್ನು ಇನ್ನಷ್ಟು ಮೇಲೆ ಹಾಕಿ ಬರೆಯಿರಿ. ಇಡುವ ಚೀಲದ ಸಂಖ್ಯೆಯನ್ನು ಆ ಕೆಳಗಿನ ದರವನ್ನು ಮನೆ ತಾಳಿಕೊಳ್ಳುವಷ್ಟಕ್ಕೆ ಇಳಿಸಿ.