ಅಳತೆ ಟೇಪು ಹಿಡ್ಕೊಂಡೇ ನನ್ನ ಮೈ ಒಪ್ಕೊಂಡಿದ್ದು

ಬ್ಲೌಸ್ ಹೊಲಿಯೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ, ಎಡಗಡೆ ಬಲಗಡೆ ಎರಡೂ ಒಂದೇ ಸಮ ಇರೋ ಹೆಂಗಸು ಸಿಗೋದೇ ಅಪರೂಪ. ಒಂದು ಭುಜ ಚೂರು ಕೆಳಗಿರುತ್ತೆ, ಒಂದು ಎದೆ ಇನ್ನೊಂದಕ್ಕಿಂತ ದೊಡ್ಡದಿರುತ್ತೆ, ಮಗು ಎತ್ತಿಕೊಂಡು ಎತ್ತಿಕೊಂಡು ಸೊಂಟ ಒಂದು ಕಡೆ ವಾಲಿರುತ್ತೆ. ನಾನು ದಾವಣಗೆರೆಯ ನಿಟುವಳ್ಳಿಲಿ ನಮ್ಮನೆ ಮುಂದಿನ ರೂಮಲ್ಲೇ ಮಿಷಿನ್ ಹಾಕ್ಕೊಂಡು ಹೊಲೀತೀನಿ. ಅಳತೆಗೆ ಬಂದೋರು ಟೇಪು ಮೈಗೆ ತಾಗೋಕ್ ಮುಂಚೆನೇ ಹೇಳೋಕೆ ಶುರು ಮಾಡ್ತಾರೆ, "ಅಕ್ಕಾ ನಾನು ಬಾಳ ದಪ್ಪ ಆಗೀನಿ", "ನನ್ನ ತೋಳು ನೋಡಬ್ಯಾಡ್ರಿ", "ಹೊಟ್ಟಿ ಒಳಗ ಎಳಕೊಂಡೀನಿ, ಈಗ ತಗೋರಿ ಅಳತಿ". ಯಾರೂ ಕೇಳಿರಲ್ಲ, ಆದ್ರೂ ಏನೋ ತಪ್ಪು ಮಾಡಿದೋರ ಥರ ಹೇಳ್ತಾರೆ. ಸಣ್ಣಗಿರೋರೂ ಹೇಳ್ತಾರೆ, "ನನ್ನ ಮೈಮ್ಯಾಗ ಏನೂ ನಿಲ್ಲಲ್ಲರಿ, ಹಲಗಿ ಹಂಗ ಅದೀನಿ" ಅಂತ. ಇಷ್ಟು ವರ್ಷದಲ್ಲಿ "ನನ್ನ ಮೈ ಚೆನ್ನಾಗೈತಿ ಅಕ್ಕ, ಅದಕ್ಕೆ ಒಪ್ಪೋ ಹಂಗೆ ಹೊಲೀರಿ" ಅಂದೋರು ಕಡಿಮೆ, ಅಂದ ಒಬ್ಬರಿಬ್ಬರು ಕೂಡ ವಯಸ್ಸಾದ ಅಜ್ಜಿಯರು.

ನಾನೂ ಇದೇ ಸಾಲಲ್ಲಿ ನಿಂತೋಳು. ಎರಡನೇ ಹೆರಿಗೆ ಸಿಸೇರಿಯನ್ ಆತು, ತವರಲ್ಲಿ ಬಾಣಂತನ ಮುಗಿಸಿ ವಾಪಸ್ ಬಂದ್ಮೇಲೆ ಹೊಟ್ಟೆ ಹಂಗೇ ಉಳೀತು, ಕೆಳಗೆ ಹೊಲಿಗೆ ಹಾಕಿದ ಗೆರೆ ಮೇಲೆ ಒಂದು ಮಡಿಕೆ, ಎರಡೂ ಪಕ್ಕ ಬಿಳಿ ಗೆರೆ. ಊರ ಹೆಂಗಸರ ಅಳತೆಯೆಲ್ಲ ಬಾಯಿಪಾಠ ಇದ್ದ ನನಗೆ ನನ್ನ ಅಳತೆ ಮಾತ್ರ ಗೊತ್ತಿರಲಿಲ್ಲ, ಗೊತ್ತು ಮಾಡ್ಕೊಳ್ಳೋಕೆ ಮನಸ್ಸೂ ಇರಲಿಲ್ಲ.

ಬದಲಾಗಿದ್ದು ಹೆಂಗೆ ಅಂದ್ರೆ, ನನ್ನ ಹತ್ರ ಕೆಲಸ ಕಲಿಯೋಕೆ ಬರೋ ಹುಡುಗಿಗೆ ಅಳತೆ ತಗಳೋದು ಹೇಳಿಕೊಡಬೇಕಿತ್ತು, ಗಿರಾಕಿ ಮೈಮೇಲೆ ಕಲಿಸೋಕಾಗಲ್ಲ, ಅದಕ್ಕೆ ನಾನೇ ನಿಂತ್ಕೊಂಡೆ. ಉಸಿರು ಬಿಟ್ಟು ನಿಲ್ಲಬೇಕು, ಹೊಟ್ಟೆ ಎಳಕೋಬಾರದು, ಕೈ ಸುಮ್ನೆ ಇಳಿಬಿಡಬೇಕು, ಟೇಪಿನ ಒಳಗೆ ಎರಡು ಬೆರಳು ಹೋಗಬೇಕು ಅಂತ ಅವಳಿಗೆ ಹೇಳ್ತಾ ಹೇಳ್ತಾ ಎಲ್ಲಾ ನಾನೇ ಮಾಡಬೇಕಾತು. ಅವಳು ಒಂದೊಂದೇ ಓದಿದಳು, ಎದೆ 42, ಎದೆ ಕೆಳಗೆ 37, ತೋಳು ಸುತ್ತಳತೆ 15, ಎಡ ಭುಜ ಅರ್ಧ ಇಂಚು ಕೆಳಗೆ. ಓದೋವಾಗ ಅವಳ ದನಿಯಲ್ಲಿ ಏನೂ ಇರಲಿಲ್ಲ, ಅಯ್ಯೋ ಅನ್ನೋದಿಲ್ಲ, ಪರವಾಗಿಲ್ಲ ಬಿಡ್ರಿ ಅನ್ನೋದೂ ಇಲ್ಲ, ಬರೀ ನಂಬರ್. ಬುಕ್ಕಲ್ಲಿ ನನ್ನ ಹೆಸರು ಹಾಕಿ ಅಳತೆ ಬರೆದ್ವಿ, ಹಿಂದಿನ ಪೇಜಲ್ಲಿ ಪಕ್ಕದ ಬೀದಿ ಟೀಚರ್ದು 36, ಮುಂದಿನ ಪೇಜಲ್ಲಿ ಯಾರೋ ಅಮ್ಮಂದು 46, ನಡುವೆ ನಂದು. ಅವರಿಬ್ಬರ ನಂಬರ್ ನೋಡಿ ನಾನು ಯಾವತ್ತೂ ಛೀ ಅಂದಿಲ್ಲ, ಎಷ್ಟು ಬಟ್ಟೆ ಬೇಕು, ಟಕ್ಸ್, ಅಂದ್ರೆ ಎದೆ ಆಕಾರ ಕೂರೋಕೆ ಹಾಕೋ ಮಡಿಕೆ, ಎಲ್ಲಿ ಹಿಡೀಬೇಕು ಅಂತ ಅಷ್ಟೇ ಯೋಚನೆ ಮಾಡಿದೀನಿ. ನಂದಕ್ಕೆ ಮಾತ್ರ ಯಾಕೆ ಬೇರೆ ನ್ಯಾಯ ಅಂತ ಅವತ್ತು ನನಗೆ ನಾನೇ ಕೇಳ್ಕೊಂಡೆ.

ಆಮೇಲೆ ಮಾಡಿದ ಕೆಲಸ ಬೀರು ಖಾಲಿ ಮಾಡಿದ್ದು. ಒಂದು ದಿನ ಇಳಿತೀನಿ, ಆಗ ಹಾಕ್ಕೊಳ್ತೀನಿ ಅಂತ ಇಟ್ಟಿದ್ದ ಬ್ಲೌಸ್ ಎಲ್ಲಾ ಹೊರಗೆ ಹಾಕಿ ಮಾರ್ಜಿನ್ ಇರೋದೆಲ್ಲ ಬಿಚ್ಚಿದೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಪಕ್ಕದ ಹೊಲಿಗೆಯಲ್ಲಿ ಮುಂದಿನ ಪೀಸಿಂದು ಹಿಂದಿನ ಪೀಸಿಂದು ಸೇರಿ ಎರಡೂ ಪಕ್ಕಕ್ಕೆ ನಾಲ್ಕು ಕಡೆ ಒಳಗೆ ಬಟ್ಟೆ ಮಡಚಿರುತ್ತೆ, ಒಂದೊಂದು ಕಡೆ ಅರ್ಧ ಇಂಚು ಬಿಟ್ರೂ ಎರಡು ಇಂಚು ಸಿಗುತ್ತೆ. ಮಾರ್ಜಿನ್ ಇಲ್ಲದ್ದು ನಮ್ಮ ಅತ್ತಿಗೆ ಮಗಳಿಗೆ ಕೊಟ್ಟೆ. ಹೊಸದಾಗಿ ಹೊಲ್ಕೊಂಡಿದ್ದೆಲ್ಲ ಇವತ್ತಿನ ಅಳತೆಗೇ, ಎಡ ಭುಜ ಅರ್ಧ ಇಂಚು ಇಳಿಸಿ. ಆ ಅರ್ಧ ಇಂಚು ಇಳಿಸಿದ ಮೇಲೆ ಕತ್ತು ಜಾರೋದು ನಿಂತೋಯ್ತು, ಅದಕ್ಕೂ ಮುಂಚೆ ಇಡೀ ದಿನ ಸೆರಗಲ್ಲಿ ಮುಚ್ಚಿಕೊಳ್ಳೋದು ಎಳ್ಕೊಳ್ಳೋದು ಇದೇ ಆಗಿತ್ತು, ಮೈ ಮೇಲೆ ಸಿಟ್ಟು ಬರ್ತಿದ್ದುದರಲ್ಲಿ ಅರ್ಧಕ್ಕರ್ಧ ಸರಿಯಾಗಿ ಕೂರದ ಬಟ್ಟೆ ಮೇಲಿನ ಸಿಟ್ಟು ಅಂತ ನನಗೆ ಅನಿಸಿದ್ದು ಆಗ.

ನಮ್ಮಜ್ಜಿ ಗುಳೇದಗುಡ್ಡದ ಖಣದ ಕುಬುಸ ಹಾಕ್ತಿದ್ದಳು, ಹುಕ್ಸ್ ಇಲ್ಲ ಏನಿಲ್ಲ, ಮುಂದೆ ಗಂಟು. ಬಸುರಿ ಆದಾಗ ಗಂಟು ಸಡಿಲ ಮಾಡೋದು, ಬಾಣಂತನದಲ್ಲಿ ಹಾಲು ಕುಡಿಸೋಕೆ ಬಿಚ್ಚೋದು, ವಯಸ್ಸಾಗಿ ಬಡಕಲಾದಾಗ ಬಿಗಿ ಮಾಡೋದು, ಅದೇ ಕುಬುಸ. ಆ ಕಾಲದಲ್ಲಿ ಹೆಂಗಸರಿಗೆ ಎಲ್ಲಾ ಸುಖ ಇತ್ತು ಅಂತ ನಾನು ಹೇಳ್ತಿಲ್ಲ, ಅಜ್ಜಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಆದ್ರೆ ಬಟ್ಟೆ ಮೈಗೆ ತಕ್ಕಂಗೆ ಇತ್ತು. ನಾವು ರೆಡಿಮೇಡ್ ಸೈಜಿಗೆ ಮೈ ತರೋಕೆ ಹೋಗಿ ಸಾಯ್ತಿದೀವಿ.

ಒಪ್ಕೊಳ್ಳೋದು ಅಂದ್ರೆ ಆರೋಗ್ಯ ನೋಡ್ಕೊಳ್ಳದೇ ಕೂರೋದು ಅಂತ ಯಾರೂ ತಿಳೀಬೇಡಿ. ನನಗೆ ಬೆನ್ನು ನೋವು ಜಾಸ್ತಿ ಆದಾಗ ಫಿಜಿಯೋಥೆರಪಿಗೆ ಹೋದೆ, ಹೆರಿಗೆ ಆದ್ಮೇಲೆ ಹೊಟ್ಟೆ ನಡುವಿನ ಸ್ನಾಯು ಎರಡೂ ಕಡೆ ಸರಿದು ಜಾಗ ಬಿಟ್ಟಿದೆ, ಬಾಳ ಜನಕ್ಕೆ ಆಗುತ್ತೆ ಅಂತ ಅವರು ಹೇಳಿದ್ರು, ಉಸಿರಾಟದ ಜೊತೆ ಮಾಡೋ ಎಕ್ಸರ್ಸೈಜ್ ಕೊಟ್ರು, ಈಗ್ಲೂ ಮಾಡ್ತೀನಿ, ಕುಂದವಾಡ ಕೆರೆ ಏರಿ ಮೇಲೆ ನಡಿಯೋಕೂ ಹೋಗ್ತೀನಿ. ಬೆನ್ನಿಗೋಸ್ಕರ ಹೋಗ್ತೀನಿ. ಹೊಟ್ಟೆ ಮೇಲಿನ ಗೆರೆ ಚರ್ಮದ ಒಳಪದರ ಹಿಗ್ಗಿದ್ದಕ್ಕೆ ಬರೋದು, ಮೊದಲು ಕೆಂಪಗೆ ಇದ್ದು ಆಮೇಲೆ ತಾನೇ ಬೆಳ್ಳಗಾಗುತ್ತೆ, ಯಾವ ಕ್ರೀಮಿಗೂ ಪೂರ್ತಿ ಹೋಗಲ್ಲ, ಅದಕ್ಕೆ ದುಡ್ಡು ಸುರಿಯೋದು ಬಿಟ್ಟೆ. ಇನ್ನೊಂದು, ಅಳತೆ ತಗಳೋವಾಗ ಕತ್ತಿನ ಹಿಂದೆ ದಪ್ಪಗೆ ಕಪ್ಪಾಗಿರೋದು ಬಾಳ ಜನರಲ್ಲಿ ನೋಡ್ತೀನಿ, ಪಾಪ ಕೊಳೆ ಅನ್ಕೊಂಡು ನಿಂಬೆಹಣ್ಣು ಸೋಡಾ ಹಾಕಿ ಉಜ್ಜಿ ಉಜ್ಜಿ ಗಾಯ ಮಾಡ್ಕೊಂಡಿರ್ತಾರೆ. ಅದು ಕೊಳೆ ಅಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇದ್ದಾಗ ಹಂಗಾಗೋದುಂಟು, ಪಿಸಿಓಡಿ ಅನ್ನೋ ಅಂಡಾಶಯದ ತೊಂದರೆ ಇದ್ದ ಹುಡುಗಿಯರಲ್ಲೂ ಕಾಣುತ್ತೆ. ಬೇರೆಯವರಿಗೆ ಕೇಳಿಸದಂಗೆ ಮೆಲ್ಲಗೆ "ಒಂದ್ಸಲ ಶುಗರ್ ಚೆಕ್ ಮಾಡಿಸ್ರಿ, ಉಜ್ಜಬ್ಯಾಡ್ರಿ" ಅಂತೀನಿ.

ಬಣ್ಣದ ವಿಷಯ ಸ್ವಲ್ಪ ಹೇಳ್ತೀನಿ. ನಾನು ಕಪ್ಪು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರಿಂದ ಫೇರ್ ತೆಗೆದು ಗ್ಲೋ ಅಂತ ಹಾಕಿದ್ರು, ಅಂಗಡಿ ಕೌಂಟರ್‌ನಲ್ಲಿ ಮಾತ್ರ ಇನ್ನೂ "ಮೇಡಮ್ ನಿಮ್ಮ ಕಲರ್‌ಗೆ ಲೈಟ್ ತಗೋರಿ" ಅನ್ನೋರಿದ್ದಾರೆ. ನಾನು ಗಿಣಿಹಸಿರು ತಗೊಂಡೆ, ಅರಿಶಿನ ಬಣ್ಣ ತಗೊಂಡೆ, ಹಾಕ್ಕೊಂಡೇ ಮಿಷಿನ್ ಮುಂದೆ ಕೂತ್ಕೊಳ್ತೀನಿ, ನೋಡಿದೋರು ಅದೇ ಬಣ್ಣ ನಮಗೂ ಬೇಕು ಅಂತ ಕೇಳ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದೋರು ಹರಿಹರದ ಕಡೆಯಿಂದ ಬರೋ ಒಬ್ಬ ಅಕ್ಕ. ಕ್ಯಾನ್ಸರ್ ಆಗಿ ಬಲಗಡೆ ಎದೆ ತೆಗೆದಿದ್ರು. ಮೊದಲ ಸಲ ಬಂದಾಗ ಬಾಗಿಲು ಹಾಕಿದೀಯಾ ಅಂತ ಎರಡೆರಡು ಸಲ ಕೇಳಿದ್ರು. ಬಲಗಡೆ ಲೈನಿಂಗಿಗೆ ಮೆತ್ತನೆ ಕಾಟನ್ನಿನ ಒಂದು ಜೇಬು ಹೊಲಿದೆ, ಒಳಗೆ ಇಡೋಕೆ ಹತ್ತಿ ದಿಂಬು ಮಾಡಿದೆ. ಬರೀ ಹತ್ತಿ ಇದ್ರೆ ಹಗುರ ಆಗಿ ಆ ಕಡೆ ಬ್ಲೌಸ್ ಮೇಲಕ್ಕೆ ಏರುತ್ತೆ, ಗಾಯ ಪೂರ್ತಿ ಮಾಗಿದೆ, ತೂಕ ಇಟ್ರೆ ತೊಂದರೆ ಇಲ್ಲ ಅಂತ ಅವರ ಡಾಕ್ಟರ್ ಹೇಳಿದ ಮೇಲೆ ನಡುವೆ ಒಂದು ಹಿಡಿ ಸಾಸಿವೆ ಸಣ್ಣ ಚೀಲದಲ್ಲಿ ಹಾಕಿ ಹೊಲಿದೆ, ಆಗ ಕೂತಿತು. ಅದನ್ನ ಹಾಕ್ಕೊಂಡು ಮದುವೆಗೆಲ್ಲ ಹೋಗಿ ಬಂದ್ರು. ಸ್ವಲ್ಪ ದಿನ ಬಿಟ್ಟು ಮತ್ತೆ ಬಂದು "ಮನ್ಯಾಗ ಉಡೋಕೆ ಒಂದೆರಡು ಹೊಲಿಯವ್ವ, ಜೇಬು ಬ್ಯಾಡ, ದಿಂಬೂ ಬ್ಯಾಡ, ನಾ ಹೆಂಗಿದೀನೋ ಹಂಗ ಹೊಲಿ" ಅಂದ್ರು. ಎಡಗಡೆ ಮುಂದಿನ ಪೀಸ್ ಬೇರೆ ಕಟ್ ಮಾಡಿದೆ, ಟಕ್ಸ್ ಹಿಡಿದು. ಬಲಗಡೆ ಟಕ್ಸ್ ಇಲ್ಲದೇ ಚಪ್ಪಟೆಗೆ, ಗಾಯದ ಗೆರೆ ಮೇಲೆ ಹೊಲಿಗೆ ಬರದಂಗೆ, ಕಂಕುಳ ಹತ್ರ ಒಂಚೂರು ಸಡಿಲ, ಆಪರೇಷನ್ ಆದ ಕೈ ಕೆಲವರಿಗೆ ಊದುತ್ತೆ ಅದಕ್ಕೆ. ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಸೆರಗು ತೆಗೆದು ನೋಡ್ಕೊಂಡ್ರು, ಕೈ ಎತ್ತಿ ಇಳಿಸಿ ನೋಡಿದ್ರು, "ಎಲ್ಲೂ ಹಿಡಿಯಲ್ಲ ನೋಡು" ಅಂದ್ರು. ಅವರು ಹೋದ್ಮೇಲೆ ಅದೇ ಕನ್ನಡಿ ಮುಂದೆ ನಾನೂ ಸೆರಗು ತೆಗೆದು ಹೊಟ್ಟೆ ಮೇಲೆ ಕೈ ಇಟ್ಕೊಂಡು ನಿಂತೆ. ಇದೇ ಹೊಟ್ಟೆ ಎರಡು ಮಕ್ಕಳನ್ನ ಹೊತ್ತಿದ್ದು, ದಿನಾ ಹೊತ್ತು ಮುಳುಗೋವರೆಗೂ ಮಿಷಿನ್ ಮುಂದೆ ಕೂತು ದುಡಿಯೋದೂ ಇದೇ ಮೈ. ಅವತ್ತಿಂದ ಕನ್ನಡಿ ನೋಡೋಕೆ ನನಗೆ ಹಿಂಜರಿಕೆ ಇಲ್ಲ.

ಈಗ ನನ್ನ ರೂಮಲ್ಲಿ ಕೆಲವು ಪದ್ಧತಿ ಮಾಡ್ಕೊಂಡಿದೀನಿ. ನಂಬರ್ ಜೋರಾಗಿ ಕೂಗಲ್ಲ, ಬರ್ಕೊಳ್ತೀನಿ. ದಪ್ಪ ಸಣ್ಣ ಅನ್ನಲ್ಲ. ಮುಟ್ಟಿನ ದಿನ ಹತ್ರ ಇದ್ರೆ ಎದೆ ಊದಿರುತ್ತೆ, ಅದನ್ನ ಕೇಳಿ ಅಳತೆ ತಗೋತೀನಿ. ಹೈಸ್ಕೂಲ್ ಹುಡುಗಿಯರು ಬಂದ್ರೆ ಅಮ್ಮನ್ನ ಹೊರಗೆ ಕೂರಿಸ್ತೀನಿ, ಯಾಕಂದ್ರೆ ಅಮ್ಮಂದಿರು ಎದುರಿಗೇ "ಇವಳು ನೋಡ್ರಿ ಹೆಂಗ್ ಬೆಳದಾಳ" ಅಂತಾರೆ, ಆ ಮಕ್ಕಳು ಭುಜ ಮುಂದಕ್ಕೆ ಬಾಗಿಸಿ ಗೂನು ಬೆನ್ನು ಮಾಡ್ಕೊಂಡು ಬಿಡ್ತಾರೆ, ಅಳತೆಯೂ ತಪ್ಪುತ್ತೆ. ಈಗ ಎದೆ ಹತ್ರ ಟೇಪು ಹಾಕ್ತೀನಿ ಪುಟ್ಟಿ, ಸರಿನಾ ಅಂತ ಕೇಳಿ, ಅವಳು ಹೂಂ ಅಂದ್ಮೇಲೆ ಹಾಕ್ತೀನಿ. ಹಂಗೆ ಕೇಳಿದ್ರೆ ತಾನಾಗೇ ನೆಟ್ಟಗೆ ನಿಲ್ತಾರೆ.

ಎಲ್ಲಾ ಸರಿಹೋಗಿದೆ ಅಂತಲ್ಲ. ಮದುವೆ ಮನೇಲಿ ನೆಂಟರು ಇನ್ನೂ ಅಂತಾರೆ, "ಏನವ್ವ, ಹಿಂಗ್ಯಾಕ್ ಆಗೀಯ?" ಅಂತ. ಮುಂಚೆ ಎರಡು ದಿನ ಊಟ ಸೇರ್ತಿರಲಿಲ್ಲ. ಈಗ "ಹೂಂ ಅತ್ತೆ, ಈಗ 42 ಹೊಲ್ಕೊಳ್ತೀನಿ, ನಿಮ್ಮದು ಊಟ ಆತಾ?" ಅಂತೀನಿ. ಮುಂದೆ ಮಾತು ಬೆಳೆಯಲ್ಲ. ಮನಸ್ಸಿಗೆ ಚುಚ್ಚೋದು ಚುಚ್ಚುತ್ತೆ, ಆದ್ರೆ ಎದುರಿಗಿರೋ ಹೋಳಿಗೆ ಬಿಟ್ಟು ಏಳೋದಿಲ್ಲ.

ನಿಮ್ಮ ಬೀರುನಲ್ಲೂ ಬಿಗಿಯಾದ ಬ್ಲೌಸ್ ಇದ್ರೆ ನಿಮ್ಮ ಟೈಲರ್ ಹತ್ರ ತಗೊಂಡು ಹೋಗಿ, ಹಳೇ ಅಳತೆ ಬ್ಲೌಸ್ ಕೊಡಬೇಡಿ, ಹೊಸದಾಗಿ ಮೈ ಅಳತೆ ಕೊಡಿ. ನಮ್ಮೂರ ದುಗ್ಗಮ್ಮನ ಜಾತ್ರೆ ಹತ್ರ ಬಂದಾಗ ಮಾತ್ರ ತರಬೇಡಿ, ಆಗ ನಮಗೆ ಉಸಿರಾಡೋಕೂ ಟೈಮ್ ಇರಲ್ಲ. ರೇಷ್ಮೆ ಬ್ಲೌಸಲ್ಲಿ ಹೊಲಿಗೆ ಬಿಚ್ಚಿದ ಸೂಜಿ ತೂತು ಉಳಿಯುತ್ತೆ, ಅದಕ್ಕೆ ಹೆದರಬೇಡಿ, ಕಂಕುಳ ಕೆಳಗಿರೋದು ಯಾರಿಗೂ ಕಾಣಲ್ಲ, ಕಾಟನ್ ಆದ್ರೆ ಒಂದೆರಡು ಸಲ ಒಗೆದ್ರೆ ಮುಚ್ಚೇ ಹೋಗುತ್ತೆ.