ಹಳದಿ ತಾಯಿ, ಎಂಟಕ್ಕೆಂಟೂ ಚಾಕೊಲೇಟ್ ಮರಿ

"ಹಳದಿ ಹೆಣ್ಣು ಒಂದಾದರೂ ಹಳದಿ ಮರಿ ಹಾಕೇ ಹಾಕುತ್ತೆ, ಬೇಕಾದರೆ ಬರೆದುಕೊಡ್ತೀನಿ" ಅಂದಿದ್ದರು ಸುಂಟಿಕೊಪ್ಪ ಕಡೆಯ ಹಿರಿಯರೊಬ್ಬರು. ನನಗಿಂತ ಮುಂಚೆಯಿಂದ ಲ್ಯಾಬ್ರಡಾರ್ ಸಾಕಿದವರು. ಈ ಮಾರ್ಚ್‌ನಲ್ಲಿ ನನ್ನ ಹಳದಿ ಹೆಣ್ಣು 8 ಮರಿ ಹಾಕಿತು. ಮೊದಲನೆಯದು ಒದ್ದೆಯಲ್ಲಿ ಕಪ್ಪಾಗೇ ಕಂಡು ಎದೆ ಧಸಕ್ಕೆಂದಿತು. ಟವೆಲ್‌ನಲ್ಲಿ ಉಜ್ಜಿ ಬಲ್ಬಿನ ಕೆಳಗೆ ಹಿಡಿದೆ, ಹದವಾಗಿ ಹುರಿದ ಕಾಫಿ ಬೀಜದ ಬಣ್ಣ! ಎಂಟೂ ಹಾಗೇ. ಹಿರಿಯರು ಬಂದು ಒಂದೊಂದನ್ನೂ ಎತ್ತಿ ನೋಡಿ ಹೋದರು.

ಹಳದಿ ತಾಯಿಯಿಂದ ಬರೀ ಚಾಕೊಲೇಟ್ ಮರಿ ತೆಗೆಯೋ ಇದೇ ಲೆಕ್ಕದಲ್ಲಿ ಎರಡು ವರ್ಷದ ಹಿಂದೆ ಕೈ ಸುಟ್ಟುಕೊಂಡಿದ್ದೆ. ಡಿಸೆಂಬರ್ ಚಳಿಯಲ್ಲಿ ಮಡಿಕೇರಿ ಹತ್ತಿರದ ಎಸ್ಟೇಟಿನಿಂದ ಕಂದು ಮೂಗಿನ ಹಳದಿ ಹೆಣ್ಣನ್ನು 18 ಸಾವಿರಕ್ಕೆ ತಂದೆ. ಚಾಕೊಲೇಟ್ ಗಂಡಿನ ಜೊತೆ ಕ್ರಾಸ್ ಮಾಡಿಸಲು ಇನ್ನೊಂದು 12 ಸಾವಿರ. ಹುಟ್ಟಿದ 7 ಮರಿಯೂ ಕರಿ. ಏಪ್ರಿಲ್ ಹೊತ್ತಿಗೆ ತಾಯಿಯ ಮೂಗೇ ಕಪ್ಪಗಾಗಿತ್ತು. ಚಳಿಗೆ ಬಣ್ಣ ಇಳಿದಿದ್ದ ಮೂಗನ್ನು ನಾನು ಹುಟ್ಟಿನಿಂದಲೇ ಕಂದು ಅಂದುಕೊಂಡಿದ್ದೆ. ಚಳಿಗೆ ಇಳಿಯೋದು ಮೂಗಿನ ನಡುಭಾಗ ಮಾತ್ರ. ರೆಪ್ಪೆಯ ಅಂಚು ಕಪ್ಪಾಗೇ ಉಳಿಯುತ್ತೆ. ಈಗ ಟಾರ್ಚ್ ಹಿಡಿದು ರೆಪ್ಪೆಯಂಚು, ತುಟಿಯಂಚು ನೋಡದೆ ದುಡ್ಡು ಬಿಚ್ಚಲ್ಲ. ಅಲ್ಲೂ ಕಂದು ಇದ್ದರೆ ಹಳದಿ ಮೈಯೊಳಗೆ ಚಾಕೊಲೇಟ್ ಜೀನ್ ಜೋಡಿಯಾಗೇ, ಅಂದರೆ ಅಪ್ಪ-ಅಮ್ಮ ಇಬ್ಬರಿಂದಲೂ ಬಂದು, ಕೂತಿದೆ ಅಂತ ಅರ್ಥ.

ಈಗಿನ ಹೆಣ್ಣು ಸಿಕ್ಕಿದ್ದು 6 ಸಾವಿರಕ್ಕೆ. ಮೂಗು ಕಂದು, ಶೋಗೆ ಆಗಲ್ಲ ಅಂತ ಮೂಲೆಗೆ ಹಾಕಿದ್ದರು. ನನಗೆ ಬೇಕಾಗಿದ್ದೇ ಅದು. ಹೆಣ್ಣಿನದು ಕಣ್ಣಿಗೇ ಕಾಣುತ್ತೆ, ಜೀನ್ ಟೆಸ್ಟಿಗೆ ದುಡ್ಡು ಹಾಕಬೇಕಾದ್ದು ಗಂಡಿಗೆ. ಚಾಕೊಲೇಟ್ ಗಂಡು ಒಳಗೊಂದು ಹಳದಿ ಜೀನ್ ಇಟ್ಟುಕೊಂಡಿದ್ದರೆ ಸುಮಾರು ಅರ್ಧ ಮರಿ ಹಳದಿಯೇ. ಅದಕ್ಕೇ ಗಂಡಿನ ಇ (ಹಳದಿ ಅಡಗಿದೆಯಾ ಅಂತ ಹೇಳೋ ಜೀನ್) ಮತ್ತು ಕೆ (ಮೈಗೆಲ್ಲ ಒಂದೇ ಬಣ್ಣ ಕೊಡೋ ಜೀನ್) ಎರಡನ್ನೂ ನೋಡಿಸಿದೆ. ಕೆ ಜೋಡಿಯಾಗಿಲ್ಲದಿದ್ದರೆ ಹಳದಿ ತಾಯಿಯೊಳಗೆ ಅಡಗಿದ್ದ ಹುಬ್ಬಿನ ಚುಕ್ಕೆ, ಕಾಲಿನ ಕೆಂಚು ಮರಿಗಳಲ್ಲಿ ಬರಬಹುದು. ಮೊದಲ ಸಲ ಕೆನ್ನೆಯೊಳಗಿಂದ ಹತ್ತಿಕಡ್ಡಿಯಲ್ಲಿ ತೆಗೆದ ಸ್ಯಾಂಪಲ್ ಕೆಟ್ಟುಹೋಯಿತು, ಊಟವಾದ ತಕ್ಷಣ ತೆಗೆದಿದ್ದೆ. ಲ್ಯಾಬಿನವರು ದುಡ್ಡು ವಾಪಸ್ ಕೊಡಲಿಲ್ಲ. ಎರಡು ಸಲಕ್ಕೆ 9 ಸಾವಿರದ ಹತ್ತಿರ ಹೋಯಿತು. ಗಂಡು ಎಲ್ಲಿಯದು, ಕ್ರಾಸಿಂಗ್ ದಿನ ಹೇಗೆ ಹಿಡಿದೆ ಅನ್ನೋದು ನನ್ನಲ್ಲೇ ಇರಲಿ.

ಮೊದಲಿನ ಆ ಕರಿ ಮರಿಗಳೂ ದಂಡವಾಗಲಿಲ್ಲ. ಆರನ್ನು 8 ಸಾವಿರದ ಹಾಗೆ ಕೊಟ್ಟು, ಒಂದು ಹೆಣ್ಣನ್ನು ಉಳಿಸಿಕೊಂಡಿದ್ದೆ. ಅದನ್ನು ಈಗಿನ ಗಂಡಿಗೇ ಕೊಡಿಸಿದೆ. 4 ಕರಿ, 3 ಚಾಕೊಲೇಟ್, ಹಳದಿ ಒಂದೂ ಇಲ್ಲ. ನನ್ನ ಲೆಕ್ಕದ ಪ್ರಕಾರವೇ ಬಂತು.

ಮಾರ್ಚ್ ಮರಿಗಳು 22ರಿಂದ 25 ಸಾವಿರಕ್ಕೆ ಹೋದವು, ಎರಡು ಗೋಣಿಕೊಪ್ಪಕ್ಕೆ, ಉಳಿದವು ಮೈಸೂರು ಕಡೆಗೆ. ಜುಲೈನ ಬೆದೆಯನ್ನು ಬಿಟ್ಟುಬಿಟ್ಟೆ. ತಾಯಿಗೂ ಮೈ ಕೂಡಬೇಕು, ನಮ್ಮ ಮಳೆಯಲ್ಲಿ ಮರಿಗಳ ಹಾಸಿಗೆ ಒಣಗೋದೂ ಇಲ್ಲ. ಮತ್ತೆ ಜನವರಿಗೆ ನೋಡಬೇಕು. ಹಿರಿಯರು ಈಗಲೇ ಒಂದು ಹೆಣ್ಣುಮರಿ ಹೇಳಿಟ್ಟಿದ್ದಾರೆ.