ಕೈಯಲ್ಲಿ ಹಿಡಿಯೋ ಲೇಸರ್‌ಗೆ ಯಾವ ಶೆಲ್ಲು, ಯಾವ ಡ್ರೈವರ್ರು?

ಲೇಸರ್ ಪಾಯಿಂಟರ್ ಮನೇಲೇ ಮಾಡೋಣ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್‌ಪಿ ರೋಡಿಗೆ ಹೋದವ್ರು ಸಾಮಾನ್ಯವಾಗಿ ಮಾಡೋ ತಪ್ಪು ಒಂದೇ. ಮೊದ್ಲು ಶೆಲ್ (ಬ್ಯಾಟರಿ) ತಗೋತಾರೆ, ಆಮೇಲೆ ಅದು ಕೂರೋ ಟಾರ್ಚ್ ಬಾಡಿ, ಕೊನೆಗೆ ಬೆಳಕು ಕೊಡೋ ಲೇಸರ್ ಡಯೋಡ್ ಕೈಗೆ ಬಂದ್ಮೇಲೆ ‘ಅಣ್ಣಾ ಇದಕ್ಕೆ ಡ್ರೈವರ್ ಬೇಕಾ’ ಅಂತ ಅಂಗಡಿಯವ್ರನ್ನೇ ಕೇಳ್ತಾರೆ. ಉಲ್ಟಾ ಬನ್ನಿ: ಡಯೋಡ್ ಎಷ್ಟು ಕರೆಂಟ್ ಕೇಳತ್ತೆ ನೋಡಿ ಡ್ರೈವರ್ (ಆ ಕರೆಂಟನ್ನ ಹತೋಟಿಲಿ ಇಡೋ ಸರ್ಕ್ಯೂಟ್) ಆರಿಸಿ, ಡ್ರೈವರ್ ಎಷ್ಟು ವೋಲ್ಟ್ ಕೇಳತ್ತೆ ನೋಡಿ ಶೆಲ್ ಆರಿಸಿ.

ಮೊದಲ ಸಲ ಮಾಡೋರು 650 ನ್ಯಾನೋಮೀಟರಿನ, 5 ಮಿಲಿವ್ಯಾಟ್ ಕೆಂಪು ಡಯೋಡೇ ತಗೊಳ್ಳಿ. ಅಗ್ಗದ ಹಸಿರು ಲೇಸರ್ ಬೇಡ, ಅದರೊಳಗೆ 808 ಮತ್ತು 1064 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಬೆಳಕೂ ಇರತ್ತೆ, ಫಿಲ್ಟರ್ ಹಾಕಿಲ್ಲ ಅಂದ್ರೆ ಅದೂ ಆಚೆ ಬರತ್ತೆ. ಕೆಂಪು 5 ಮಿಲಿವ್ಯಾಟ್ ಕೂಡ ಆಟದ ಸಾಮಾನಲ್ಲ, ಕಣ್ಣಿಗೆ, ಕನ್ನಡಿಗೆ, ಸ್ಟೀಲ್ ಪಾತ್ರೆಗೆ ಬಿಡ್ಬೇಡಿ, ಯಲಹಂಕ ಕಡೆ ತಾರಸಿ ಮೇಲೆ ನಿಂತು ದೇವನಹಳ್ಳಿಗೆ ಇಳಿಯೋ ವಿಮಾನದ ಕಡೆ ಅಂತೂ ತಿರುಗಿಸ್ಲೇಬೇಡಿ.

ಶೆಲ್ಲಿಗೆ ನೇರ ಸಿಕ್ಕಿಸಿದ್ರೆ ಏನಾಗತ್ತೆ? ಡಯೋಡ್ ಬಿಸಿಯಾದಂಗೆಲ್ಲ ಅದರ ವೋಲ್ಟೇಜ್ ಇಳಿಯತ್ತೆ, ಶೆಲ್ಲಿನ ವೋಲ್ಟೇಜ್ ಅಷ್ಟೇ ಇರೋದ್ರಿಂದ ಕರೆಂಟ್ ಏರತ್ತೆ, ಕರೆಂಟ್ ಏರಿದ್ರೆ ಇನ್ನೂ ಬಿಸಿ, ಹಿಂಗೇ ಹೋಗಿ ಸುಟ್ಕೊಳತ್ತೆ. ಅದಕ್ಕೇ ಕರೆಂಟನ್ನ ಒಂದೇ ಮಟ್ಟದಲ್ಲಿ ಹಿಡಿಯೋ ಡ್ರೈವರ್ ಬೇಕು. ಸುಲಭದ್ದು ಎಲ್‌ಎಂ317 ಐಸಿ. ಅದರ ಔಟ್ ಮತ್ತು ಅಡ್ಜಸ್ಟ್ ಕಾಲಿನ ಮಧ್ಯೆ ಒಂದು ರೆಸಿಸ್ಟರ್, ಅಡ್ಜಸ್ಟ್ ಕಾಲಿಂದ ಡಯೋಡಿಗೆ. 1.25 ಅನ್ನೋದನ್ನ ಓಮ್‌ನಿಂದ ಭಾಗಿಸಿದ್ರೆ ಆಂಪಿಯರ್: 39 ಓಮ್ ಹಾಕಿದ್ರೆ 32 ಮಿಲಿಆಂಪ್. ನಿಮ್ಮ ಡಯೋಡಿನ ಡೇಟಾಶೀಟಲ್ಲಿ ಎಷ್ಟಿದೆಯೋ ಅದಕ್ಕಿಂತ ಒಂಚೂರು ಕಮ್ಮಿನೇ ಇಟ್ಕೊಳ್ಳಿ.

ಈಗ ಶೆಲ್. ಡಯೋಡಿಗೆ ಸುಮಾರು 2.3 ವೋಲ್ಟ್, ರೆಸಿಸ್ಟರಿಗೆ 1.25, ಐಸಿ ತಾನು ನುಂಗೋದು ಹತ್ತಿರ 2, ಒಟ್ಟು ಐದೂವರೆ ಮೇಲೆ ಬೇಕು. ಒಂದು ಲಿಥಿಯಂ ಶೆಲ್ ಫುಲ್ ಚಾರ್ಜಲ್ಲೂ 4.2 ಅಷ್ಟೇ, ಸಾಲಲ್ಲ. 14500 ಸೈಜಿನ ಎರಡು ಸೀರೀಸಲ್ಲಿ ಹಾಕಿ, ರಿಮೋಟಿನ ಎಎ ಶೆಲ್ಲಿನಷ್ಟೇ ಗಾತ್ರ, ಆದ್ರೆ ಪ್ರೊಟೆಕ್ಷನ್ ಸರ್ಕ್ಯೂಟ್ ಇರೋದೇ ಇರಲಿ, ಯಾಕಂದ್ರೆ ಎಲ್‌ಎಂ317ಗೆ ಶೆಲ್ ಖಾಲಿ ಆಗಿದ್ದು ಗೊತ್ತಾಗಲ್ಲ, ಹೀರ್ತಾನೇ ಇರತ್ತೆ. 700 ಮಿಲಿಆಂಪ್‌ಅವರ್ ಶೆಲ್ಲಾದ್ರೆ ಇಪ್ಪತ್ತು ಗಂಟೆ ಮೇಲೇ ಬರತ್ತೆ. ಬಾಡಿ ದಪ್ಪ ಇದ್ರೆ 18650 ಸೈಜಿನವೇ ಎರಡು ಹಾಕ್ಬೋದು, ಮೇಲೆ 9900 ಮಿಲಿಆಂಪ್‌ಅವರ್ ಅಂತ ಅಚ್ಚು ಹೊಡೆದಿದ್ರೆ ನಂಬ್ಬೇಡಿ, ಆ ಗಾತ್ರದಲ್ಲಿ ಅಷ್ಟು ಹಿಡಿಯೋದೇ ಇಲ್ಲ. ಅಂಗಡಿಯಲ್ಲಿ ತಕ್ಕಡಿ ಇದ್ರೆ ತೂಗಿ, ಒಳ್ಳೇದು 45 ಗ್ರಾಂ ಆಸುಪಾಸು ಇರತ್ತೆ, ಹಗುರ ಇದ್ರೆ ವಾಪಸ್ ಇಟ್ಬಿಡಿ.

ಇನ್ನು ಲೇಸರ್ ಡಯೋಡ್ ಜೋಡಿಸೋ ಮುಂಚೆ ಡಮ್ಮಿ ಲೋಡ್, ಅಂದ್ರೆ ಡ್ರೈವರ್ ಪರೀಕ್ಷೆಗೆ ಲೇಸರ್ ಬದಲು ಕೊಡೋ ಅಗ್ಗದ ಜೋಡಣೆ. 1ಎನ್4007 ಅನ್ನೋ ಮಾಮೂಲಿ ಡಯೋಡ್ ಮೂರು, ಜೊತೆಗೆ 1 ಓಮ್ ರೆಸಿಸ್ಟರ್ ಸೀರೀಸಲ್ಲಿ ಬೆಸುಗೆ ಹಾಕಿ ಲೇಸರ್ ಜಾಗಕ್ಕೆ ಕೊಡಿ, 1 ಓಮ್ ಮೇಲೆ ಮಲ್ಟಿಮೀಟರ್ 32 ಮಿಲಿವೋಲ್ಟ್ ತೋರಿಸಿದ್ರೆ 32 ಮಿಲಿಆಂಪ್ ಹೋಗ್ತಿದೆ ಅಂತ ಅರ್ಥ.

ಇಲ್ಲೇ ನಾನು ಎಡವಿದ್ದು. ಟೆಸ್ಟ್ ಎಲ್ಲ ಸರಿಯಾಯ್ತು, ಡಮ್ಮಿ ಬಿಚ್ಚಿ ಶೆಲ್ ತೆಗೆದು ಡಯೋಡ್ ಸಿಕ್ಕಿಸ್ದೆ, ಡ್ರೈವರಿನ ಔಟ್‌ಪುಟ್‌ಗೆ ನಾನು ಹಾಕಿದ್ದ ಕೆಪಾಸಿಟರ್ ಚಾರ್ಜ್ ತುಂಬ್ಕೊಂಡಿದ್ದು ತಲೆಗೇ ಬರ್ಲಿಲ್ಲ, ಅದೆಲ್ಲ ಡಯೋಡಿಗೆ ಒಮ್ಮೆಲೇ ನುಗ್ತು. ಒಂದು ಶಬ್ದಾನೂ ಇಲ್ಲ, ಹೊಗೇನೂ ಇಲ್ಲ. ಶೆಲ್ ಹಾಕಿ ಗೋಡೆ ಮೇಲೆ ಬಿಟ್ರೆ ಆ ಸಕ್ಕರೆ ಚೆಲ್ಲಿದಂಗೆ ಮಿಣಮಿಣ ಅನ್ನೋ ಚುಕ್ಕಿ ಇಲ್ಲ, ಸೆಟ್‌ಟಾಪ್ ಬಾಕ್ಸಿನ ಲೈಟ್ ಥರ ಮಂಕು ಕೆಂಪು ಅಷ್ಟೇ. ಲೇಸರ್ ಹೋಗಿ ಎಲ್‌ಇಡಿ ಆಗಿತ್ತು. ಈಗ ಡಯೋಡ್ ಮುಟ್ಟೋ ಮುಂಚೆ, ಶೆಲ್ ತೆಗೆದ್ಮೇಲೆ, ಡಯೋಡಿಗೆ ಹೋಗೋ ಎರಡು ವೈರನ್ನ ಸ್ಕ್ರೂಡ್ರೈವರ್ ತುದಿಯಿಂದ ಶಾರ್ಟ್ ಮಾಡ್ತೀನಿ, ಹತ್ತು ಎಣಿಸ್ತೀನಿ, ಆಮೇಲೇ ಬೆಸುಗೆ.